ಮೊದಲ ಪಿಸಿ, ಕಮ್ಮಿ ಬಜೆಟ್: ಈ ಪಾರ್ಟ್ಸ್ ಲಿಸ್ಟ್ ಒಮ್ಮೆ ನೋಡಿ ಹೇಳ್ತೀರಾ?

ಮೊದಲಬಿಲ್ಡ್:
ಎಲ್ರಿಗೂ ನಮಸ್ಕಾರ. ಇಷ್ಟು ದಿನ ಹಳೇ ಲ್ಯಾಪ್‌ಟಾಪಲ್ಲೇ ಹೆಂಗೋ ಎಳ್ಕೊಂಡು ಬಂದೆ, ಈಗ ನಾನೇ ಪಾರ್ಟ್ಸ್ ತಗೊಂಡು ಒಂದು ಪಿಸಿ ಜೋಡಿಸ್ಬೇಕು ಅಂತ ಮನಸು ಮಾಡಿದೀನಿ. ಕೆಲಸ ಅಂದ್ರೆ ಪ್ರೋಗ್ರಾಮಿಂಗ್, ಬ್ರೌಸರಲ್ಲಿ ರಾಶಿ ಟ್ಯಾಬು, ಆವಾಗಾವಾಗ 1080ಪಿ ವೀಡಿಯೋ ಎಡಿಟಿಂಗ್, ಬಿಡುವಾದ್ರೆ ಸ್ವಲ್ಪ ಗೇಮ್. ದುಡ್ಡು ಕಮ್ಮಿ ಇರೋದ್ರಿಂದ ಗ್ರಾಫಿಕ್ಸ್ ಕಾರ್ಡ್ ಈಗ ಬೇಡ, ಆರು ತಿಂಗಳು ಬಿಟ್ಟು ಹಾಕೋಣ ಅಂತ.

ಲಿಸ್ಟ್ ಹಿಂಗಿದೆ: ಪ್ರೊಸೆಸರ್ ಎಎಂಡಿಯ ರೈಜೆನ್ 5 5600, ಸಿಕ್ಕಿದ್ರಲ್ಲಿ ಕಮ್ಮಿ ರೇಟಿನ ಎ520 ಮದರ್‌ಬೋರ್ಡ್, ಡಿಡಿಆರ್4 ರ‍್ಯಾಮ್ 16 ಜಿಬಿ ಒಂದೇ ಸ್ಟಿಕ್, 256 ಜಿಬಿ ಎಸ್‌ಎಸ್‌ಡಿ, ಜೊತೆಗೆ 1 ಟಿಬಿ ಹಾರ್ಡ್ ಡಿಸ್ಕ್, ಮುಂದೆ ಪೂರ್ತಿ ಗ್ಲಾಸ್ ಇರೋ ಆರ್‌ಜಿಬಿ ಕೇಸು. ಆ ಕೇಸ್ ಜೊತೇಲೇ ಪವರ್ ಸಪ್ಲೈ ಬರತ್ತೆ, 500 ವ್ಯಾಟ್ ಅಂತ ಬರ್ದಿದಾರೆ. ಇದ್ರಲ್ಲಿ ಏನು ಬದಲಾಯಿಸ್ಬೇಕು? ಇಲ್ಲಾ ಎಎಂ4 (5600 ಕೂರೋ ಎಎಂಡಿಯ ಹಳೇ ಸಾಕೆಟ್) ಎಲ್ಲಾ ಬಿಟ್ಟು ಹೊಸ ಸಾಕೆಟ್ ಎಎಂ5ಗೇ ಹೋಗೋದು ಒಳ್ಳೇದಾ?

ಸರ್ವೀಸ್‌ಬೆಂಚ್:
ಮೊದ್ಲು ಮುಖ್ಯವಾದ ವಿಷ್ಯ. ಈ ಲಿಸ್ಟನ್ನ ಹಿಂಗೇ ಜೋಡಿಸಿದ್ರೆ ಸ್ಕ್ರೀನ್ ಮೇಲೆ ಏನೂ ಬರಲ್ಲ. 5600 ಒಳಗೆ ಗ್ರಾಫಿಕ್ಸ್ ಇಲ್ಲ. ಬೋರ್ಡ್ ಹಿಂದೆ ಎಚ್‌ಡಿಎಂಐ ಪೋರ್ಟ್ ಇದ್ದೇ ಇರತ್ತೆ, ಕೇಬಲ್ ಹಾಕ್ತೀರ, ಫ್ಯಾನ್ ತಿರುಗತ್ತೆ, ಲೈಟೂ ಹತ್ತತ್ತೆ, ಆದ್ರೆ ಮಾನಿಟರ್ ನೋ ಸಿಗ್ನಲ್ ಅಂತ ಕೂತ್ಬಿಡತ್ತೆ. ಆ ಪೋರ್ಟಿಗೆ ಚಿತ್ರ ಕೊಡ್ಬೇಕಾಗಿರೋದು ಪ್ರೊಸೆಸರ್ ಒಳಗಿರೋ ಗ್ರಾಫಿಕ್ಸು, ಅದೇ ಇಲ್ಲದ ಮೇಲೆ ಬೋರ್ಡ್ ಏನ್ ಮಾಡತ್ತೆ. ಹೊಸಬರು ಪಿಸಿ ಕೆಟ್ಟಿದೆ ಅಂತ ತಂದಿಟ್ಟಾಗ ನಾನು ಮೊದ್ಲು ನೋಡೋದೇ ಪ್ರೊಸೆಸರ್ ಮಾಡೆಲ್ ನಂಬರು.

ಎಎಂಡಿ ಎಎಂ4ಲ್ಲಿ ಹೆಸರಿನ ಕೊನೇಲಿ ಜಿ ಅಥವಾ ಜಿಟಿ ಇದ್ರೆ ಒಳಗೆ ಗ್ರಾಫಿಕ್ಸ್ ಇದೆ ಅಂತ, ಇಲ್ಲ ಅಂದ್ರೆ ಇಲ್ಲ. ಇಂಟೆಲಲ್ಲಿ ಉಲ್ಟಾ, ಕೊನೇಲಿ ಎಫ್ ಇದ್ರೆ ಗ್ರಾಫಿಕ್ಸ್ ಇಲ್ಲ, 12400ಗೆ ಇದೆ, 12400ಎಫ್‌ಗೆ ಇಲ್ಲ. ಎಎಂ5ರ ರೈಜೆನ್ 7000 ಸೀರೀಸಲ್ಲಿ 7600 ಥರದವಕ್ಕೆ ಡಿಸ್‌ಪ್ಲೇ ಕೊಡೋವಷ್ಟು ಚಿಕ್ಕ ಗ್ರಾಫಿಕ್ಸ್ ಇದೆ, 7500ಎಫ್‌ಗೆ ಇಲ್ಲ.

ಹಂಗಾದ್ರೆ 5600ಜಿ ತಗೊಂಡ್ರಾಯ್ತಲ್ಲ ಅಂತೀರ. ತಗೋಬಹುದು, ಆದ್ರೆ ಅದ್ರಲ್ಲಿ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) 16 ಎಂಬಿ, 5600ದು 32 ಎಂಬಿ. ಮುಂದೆ ಕಾರ್ಡ್ ಹಾಕ್ದಾಗ ಗೇಮಲ್ಲಿ ಆ ವ್ಯತ್ಯಾಸ ಕಾಣತ್ತೆ. ಇನ್ನೊಂದು, 5600ಜಿ ಪಿಸಿಐಇ (ಕಾರ್ಡಿಗೂ ಪ್ರೊಸೆಸರಿಗೂ ಡೇಟಾ ಓಡೋ ದಾರಿ, ಲೇನ್ ಅಂದ್ರೆ ಅದ್ರ ಸಾಲುಗಳು) ಹಳೇ 3.0 ಮಾತ್ರ ಕೊಡತ್ತೆ, ಎ520 ಬೋರ್ಡೂ 3.0 ಮಾತ್ರ. ಆರ್‌ಎಕ್ಸ್ 6600 ಥರ 8 ಲೇನಿನ ಕಾರ್ಡಿಗೆ ಇದ್ರಿಂದ ದೊಡ್ಡ ತೊಂದ್ರೆ ಇಲ್ಲ, ಆದ್ರೆ 6500 ಎಕ್ಸ್‌ಟಿ ಬರೀ 4 ಲೇನಿನ ಕಾರ್ಡು, 4 ಜಿಬಿ ಮೆಮೊರಿ, 3.0 ಬೋರ್ಡಿಗೆ ಹಾಕಿದ್ರೆ ಚೆನ್ನಾಗೇ ಸೊರಗತ್ತೆ. ವೀಡಿಯೋ ಎಕ್ಸ್‌ಪೋರ್ಟ್ ಬೇಗ ಮಾಡೋ ಎನ್‌ಕೋಡರ್ ಬೇರೆ ಅದ್ರಲ್ಲಿ ಇಲ್ಲ. ಎಡಿಟಿಂಗ್ ಮಾಡೋರು ಅದನ್ನ ಮುಟ್ಲೇಬೇಡಿ.

ಎಡಿಟಿಂಗ್‌ಮೇಜು:
ಎಡಿಟಿಂಗ್ ಇದೆ ಅಂದ್ರಲ್ಲ, ನಾನಾಗಿದ್ರೆ ಕಣ್ಮುಚ್ಚಿ ಇಂಟೆಲ್ ಐ5 12400 ಅಂತೀನಿ, ಎಫ್ ಇಲ್ಲದ್ದು. 6 ಕೋರ್ 12 ಥ್ರೆಡ್, ಒಳಗೆ ಯುಎಚ್‌ಡಿ 730 ಗ್ರಾಫಿಕ್ಸ್. ಗೇಮಿಗೆ ಅದು ಸುಮಾರು, ಅದ್ರಲ್ಲಿ ಸಂಶಯ ಇಲ್ಲ, 5600ಜಿಯ ವೇಗಾ ಗ್ರಾಫಿಕ್ಸ್ ಗೇಮಲ್ಲಿ ಇದಕ್ಕಿಂತ ಎಷ್ಟೋ ವಾಸಿ. ಆದ್ರೆ ಇಂಟೆಲಲ್ಲಿ ಕ್ವಿಕ್ ಸಿಂಕ್ ಅಂತ ವೀಡಿಯೋಗಂತಲೇ ಬೇರೆ ಹಾರ್ಡ್‌ವೇರ್ ಇದೆ, ಎಚ್.264, ಎಚ್‌ಇವಿಸಿ ಅನ್ನೋ ವೀಡಿಯೋ ಫಾರ್ಮ್ಯಾಟ್ ಎರಡನ್ನೂ ಆರಾಮಾಗಿ ಓಡ್ಸತ್ತೆ. ಫೋನಲ್ಲಿ ಶೂಟ್ ಮಾಡಿದ ಎಚ್‌ಇವಿಸಿ ಫೈಲನ್ನ ಟೈಮ್‌ಲೈನಲ್ಲಿ ಹಾಕಿ ಹಿಂದೆ ಮುಂದೆ ಎಳೀವಾಗ ಅದು ತೊದಲುತ್ತೋ ಇಲ್ವೋ ಅನ್ನೋದೇ ದಿನಾ ಕೆಲಸ ಮಾಡೋರಿಗೆ ಮುಖ್ಯ, ಎಕ್ಸ್‌ಪೋರ್ಟ್ ಎರಡು ನಿಮಿಷ ಲೇಟಾದ್ರೆ ಕಾಯಬಹುದು, ಎಳೆದ ಕಡೆ ಫ್ರೇಮ್ ಬರದಿದ್ರೆ ಎಡಿಟ್ ಮಾಡೋಕೇ ಆಗಲ್ಲ. ನೀವು ಬಳಸೋ ಸಾಫ್ಟ್‌ವೇರ್ ಕ್ವಿಕ್ ಸಿಂಕ್ ಬಳಸ್ಕೊಳತ್ತಾ ಅಂತ ಒಮ್ಮೆ ಸೆಟ್ಟಿಂಗ್ಸಲ್ಲಿ ನೋಡ್ಕೊಳಿ. ಆಮೇಲೆ ಕಾರ್ಡ್ ಹಾಕಿದ್ರೂ ಇದನ್ನ ಜೊತೆಗೇ ಆನ್ ಇಟ್ಕೋಬಹುದು, ದಂಡ ಆಗಲ್ಲ.

ಒಂದು ಎಚ್ಚರ, 12400ಗೆ ಹೊಂದೋ ಬಿ660, ಬಿ760 ಬೋರ್ಡುಗಳು ಡಿಡಿಆರ್4 ಅಲ್ಲೂ ಬರ್ತವೆ ಡಿಡಿಆರ್5 ಅಲ್ಲೂ ಬರ್ತವೆ. ಹೆಸರು ಹೆಚ್ಚೂಕಮ್ಮಿ ಒಂದೇ, ಕೊನೇಲಿ ಡಿ4 ಅಥವಾ ಡಿಡಿಆರ್4 ಅಂತ ಇರತ್ತೆ ಅಷ್ಟೇ. ರ‍್ಯಾಮಲ್ಲಿ ಕಚ್ಚು ಇರೋ ಜಾಗ ಬೇರೆ ಬೇರೆ, ಒಂದರದ್ದು ಇನ್ನೊಂದಕ್ಕೆ ಕೂರಲ್ಲ, ಒತ್ತಿ ಕೂರಿಸೋಕೂ ಹೋಗ್ಬೇಡಿ.

ಹಳೇಬೋರ್ಡ್:
ನೋಡ್ರಿ ತಮ್ಮಾ, ಪ್ರೊಸೆಸರ್ ಯಾವುದಾರ ತಗೋರಿ, ಅದರ ಬಗ್ಗೆ ಎಲ್ಲಾರೂ ಹೇಳ್ತಾರ. ನಾ ಹೇಳೂದು ಆ ಪವರ್ ಸಪ್ಲೈ ಬಗ್ಗೆ. ಕೇಸಿನ ಕೂಡ ಪುಕ್ಕಟ ಬರೂ ಸಪ್ಲೈ ಬ್ಯಾಡ್ರಿ, ಬಿಲ್ಕುಲ್ ಬ್ಯಾಡ. ಉಳಿದ ಪಾರ್ಟ್ ಕೆಟ್ರ ಅದೊಂದ ಕೆಡ್ತದ, ಸಪ್ಲೈ ಕೆಟ್ಟ ರೀತಿಯಿಂದ ಹೋತಂದ್ರ ಬೋರ್ಡ್, ಡಿಸ್ಕ್ ಎಲ್ಲಾ ಎಳಕೊಂಡು ಹೋಗ್ತದ.

ಅಂಗಡ್ಯಾಗ ನಿಂತಾಗ ಡಬ್ಬಿ ಮ್ಯಾಲಿನ ದೊಡ್ಡ ನಂಬರ್ ನೋಡಬ್ಯಾಡ್ರಿ, ಸಪ್ಲೈನ ಬಾಜೂಕ ಒಂದು ಪಟ್ಟಿ ಅಂಟಿಸಿರ್ತಾರ, ಅದನ್ನ ಓದ್ರಿ. ಅದರಾಗ +12 ವೋಲ್ಟ್ ಅನ್ನೂ ಸಾಲು ಇರ್ತದ, ಕೆಳಗ ಆಂಪಿಯರ್ ಬರ್ದಿರ್ತಾರ. ಅದನ್ನ 12ರಿಂದ ಗುಣಿಸ್ರಿ. 25 ಆಂಪಿಯರ್ ಇದ್ರ 300 ವ್ಯಾಟ್ ಆತು. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ತಿನ್ನೂದು ಈ 12 ವೋಲ್ಟ್ ಸಾಲಿನ್ಯಾಗಿಂದನ, ಅಂದ್ರ ಡಬ್ಬಿ ಮ್ಯಾಲ 500 ಅಂತ ಬರದ್ರೂ ನಿಮಗ ಉಪಯೋಗಕ್ಕ ಬರೂದು 300. ಚಲೋ ಸಪ್ಲೈದಾಗ 12 ವೋಲ್ಟಿನ ಲೆಕ್ಕ ಡಬ್ಬಿ ಮ್ಯಾಲಿನ ನಂಬರಿಗೆ ಭಾಳ ಹತ್ತಿರ ಇರ್ತದ, 550 ವ್ಯಾಟಿಂದಾದ್ರ 45 ಆಂಪಿಯರ್ ಆಸುಪಾಸು. ಈ ಒಂದು ಗುಣಾಕಾರ ಮಾಡಿ ನೋಡಿದ್ರ ಅರ್ಧಕ್ಕರ್ಧ ಕೆಟ್ಟ ಮಾಲು ಅಲ್ಲೇ ಗೊತ್ತಾಗ್ತದ.

80 ಪ್ಲಸ್ ಅಂತ ಇರೂ ಗುರುತು ದಕ್ಷತೆ ಹೇಳ್ತದ ಅಷ್ಟ, ಗೋಡಿಯಿಂದ ಎಷ್ಟು ಎಳದು ಒಳಗ ಎಷ್ಟು ಕೊಡ್ತದ ಅನ್ನೂದು. ಒಳಗಿನ ರಕ್ಷಣೆ ಹೆಂಗದ, ಕೆಪಾಸಿಟರ್ ಎಂಥಾವು, ಅದನ್ನ ಹೇಳಂಗಿಲ್ಲ. ಬ್ರಾಂಜ್ ಇದ್ರ ಸಾಕು, ಗೋಲ್ಡಿಗೆ ರೊಕ್ಕ ಹಾಕಬೇಕಂತಿಲ್ಲ, ಆದ್ರ ಅದ ಮಾಡೆಲಿನ ರಿವ್ಯೂದಾಗ ಯಾರಾರ ಬಿಚ್ಚಿ ಲೋಡ್ ಹಾಕಿ ನೋಡಿದ್ದು ಇರಬೇಕು, 5 ವರ್ಷ ವಾರಂಟಿ ಇದ್ರ ಇನ್ನೂ ಚಲೋ.

ಮೊದಲಬಿಲ್ಡ್:
ಅಣ್ಣ ಇದು ಗೊತ್ತೇ ಇರ್ಲಿಲ್ಲ, ಈ ಕೇಸಿನ ಸಪ್ಲೈ ಪಟ್ಟಿ ಫೋಟೋ ಹುಡುಕಿ ನೋಡಿದೆ, 12 ವೋಲ್ಟಲ್ಲಿ 18 ಆಂಪಿಯರ್ ಅಂತಿದೆ, 216 ವ್ಯಾಟ್ ಆಯ್ತು. ತೆಗ್ದು ಹಾಕ್ದೆ. ಹಂಗಾದ್ರೆ ನಂಗೆ ಎಷ್ಟು ವ್ಯಾಟ್ ಬೇಕು? ಕಾರ್ಡ್ ಮುಂದೆ ಆರ್‌ಎಕ್ಸ್ 6600 ಮಟ್ಟದ್ದೇ ಇರತ್ತೆ.

ಸರ್ವೀಸ್‌ಬೆಂಚ್:
6600 ಕಾರ್ಡ್ 132 ವ್ಯಾಟ್. 12400 ಫುಲ್ ಲೋಡಲ್ಲಿ ಇಂಟೆಲ್ ಹೇಳೋ ಗರಿಷ್ಠ 117. ಬೋರ್ಡು ರ‍್ಯಾಮ್ ಫ್ಯಾನ್ ಡಿಸ್ಕ್ ಎಲ್ಲಾ ಸೇರಿ ಇನ್ನೊಂದು 50 ಅಂತಿಟ್ಕೊಳಿ, 300 ಆಯ್ತು, ಎರಡೂ ಒಟ್ಟಿಗೆ ಫುಲ್ ಲೋಡ್ ಹೋಗೋದು ಅಪರೂಪ. ಕಾರ್ಡುಗಳು ಒಂದು ಕ್ಷಣಕ್ಕೆ ಜಾಸ್ತಿ ಎಳೀತವೆ, ಅದಕ್ಕೆ ಜಾಗ ಬಿಡ್ಬೇಕು. ಒಳ್ಳೇ 550 ವ್ಯಾಟ್ ಸಾಕು, ರೇಟಲ್ಲಿ ವ್ಯತ್ಯಾಸ ಸ್ವಲ್ಪವೇ ಇದ್ರೆ 650 ತಗೊಳಿ, ಮುಂದಿನ ಕಾರ್ಡಿಗೂ ಆಗತ್ತೆ.

ಇದನ್ನ ಹಿಡಿದೇ ಒಂದು ಮಾತು. ನಿಮ್ಮ ಲಿಸ್ಟಲ್ಲಿ ದುಡ್ಡು ಉಳ್ಸಿರೋದು ಪೂರ್ತಿ ಬದಲಾಯಿಸೋಕೆ ಕಷ್ಟ ಇರೋ ಕಡೆ, ಬೋರ್ಡಲ್ಲಿ ಮತ್ತೆ ಪವರ್ ಸಪ್ಲೈಲಿ. ಖರ್ಚು ಮಾಡಿರೋದು ಸುಲಭವಾಗಿ ಬದಲಾಯಿಸಬಹುದಾದ ಕಡೆ. ಇದನ್ನ ತಿರುಗಿಸಿ. ರ‍್ಯಾಮ್ ಐದು ನಿಮಿಷದಲ್ಲಿ ಸೇರಿಸಬಹುದು, ಎಸ್‌ಎಸ್‌ಡಿ ಒಂದು ಸ್ಕ್ರೂ, ಕಾರ್ಡ್ ಎರಡು ಸ್ಕ್ರೂ. ಬೋರ್ಡ್ ಬದಲಾಯಿಸ್ಬೇಕು ಅಂದ್ರೆ ಪೂರ್ತಿ ಮೆಷಿನ್ ಬಿಚ್ಚಬೇಕು, ಎಷ್ಟೋ ಸಲ ವಿಂಡೋಸ್ ಆಕ್ಟಿವೇಶನ್ ಕೂಡ ಮತ್ತೆ ಮಾಡ್ಬೇಕಾಗತ್ತೆ. ಕಮ್ಮಿ ಬಜೆಟಿನ ಬಿಲ್ಡ್ ಅಂದ್ರೆ ಇವತ್ತಿನ ಬೆಂಚ್‌ಮಾರ್ಕ್ ಅಲ್ಲ, ಇನ್ನೊಂದು ವರ್ಷಕ್ಕೆ ಕೈಗೆ ದುಡ್ಡು ಬಂದಾಗ ಏನನ್ನೂ ಬಿಸಾಕದೆ ಸೇರಿಸ್ಕೊಂಡು ಹೋಗೋಕೆ ಆಗ್ಬೇಕು. ನಾಲ್ಕು ರ‍್ಯಾಮ್ ಸ್ಲಾಟು, ಎರಡು ಎಂ.2 ಸ್ಲಾಟು (ಎಸ್‌ಎಸ್‌ಡಿ ಕೂರೋ ಜಾಗ) ಇರೋ ಬೋರ್ಡ್ ತಗೊಳಿ, ನಾನು ಹಟ ಮಾಡಿ ಹೇಳೋದು ಇದೊಂದೇ.

ಕೋಡ್‌ರಾತ್ರಿ:
ರ‍್ಯಾಮ್ ಬಗ್ಗೆ ನಂದೊಂದು ಭಿನ್ನಾಭಿಪ್ರಾಯ. ಎಲ್ರೂ 8 ಜಿಬಿ ಎರಡು ಸ್ಟಿಕ್ ಹಾಕು ಅಂತಾರೆ, ನಾನು ಪ್ರೋಗ್ರಾಮಿಂಗ್ ಮಾಡೋನು, ಡಾಕರ್, ಎಮ್ಯುಲೇಟರ್, ಬ್ರೌಸರ್ ಒಟ್ಟಿಗೆ ತೆಗೆದ್ರೆ 16 ಜಿಬಿ ಗಪ್ಪಂತ ತುಂಬತ್ತೆ. ಈಗ 16ರದ್ದು ಒಂದು ಸ್ಟಿಕ್ ಹಾಕಿ ಆಮೇಲೆ ಇನ್ನೊಂದು 16 ಸೇರಿಸಿದ್ರೆ 32 ಆಗತ್ತಲ್ಲ, 8ರದ್ದು ಎರಡು ತಗೊಂಡು ಆಮೇಲೆ ಮಾರೋ ತಾಪತ್ರಯ ಯಾಕೆ?

ಎಡಿಟಿಂಗ್‌ಮೇಜು:
ಕಾರ್ಡ್ ಇದ್ದಿದ್ರೆ ನಿಮ್ ಮಾತು ಒಪ್ತಿದ್ದೆ ಗುರು. ಇವ್ರು ಆರು ತಿಂಗಳು ಪ್ರೊಸೆಸರ್ ಒಳಗಿನ ಗ್ರಾಫಿಕ್ಸಲ್ಲೇ ಇರ್ತಾರೆ, ಅದಕ್ಕೆ ಬೇರೆ ಮೆಮೊರಿ ಇಲ್ಲ, ಇದೇ ರ‍್ಯಾಮನ್ನ ಹಂಚ್ಕೊಳತ್ತೆ. ಒಂದು ಸ್ಟಿಕ್ ಅಂದ್ರೆ ಒಂದೇ ಚಾನೆಲ್, ಡೇಟಾ ಹೋಗೋ ದಾರಿ ಅರ್ಧ ಆಯ್ತು, ಒಳಗಿನ ಗ್ರಾಫಿಕ್ಸ್ ನೇರವಾಗಿ ಏಟು ತಿನ್ನತ್ತೆ. ಸ್ಲಾಟ್ ನಾಲ್ಕಿದ್ರೆ 8ರದ್ದು ಎರಡು ಹಾಕಿ ಮುಂದೆ ಅದೇ ಮಾಡೆಲ್ ಇನ್ನೆರಡು ಸೇರಿಸಬಹುದು, 3200 ಸ್ಪೀಡಿನ ಡಿಡಿಆರ್4ಲ್ಲಿ ನಾಲ್ಕು ಸ್ಟಿಕ್ ಅಷ್ಟೇನು ಕಾಟ ಕೊಡಲ್ಲ. ಡಿಡಿಆರ್5ಲ್ಲಿ ಮಾತ್ರ ನಾಲ್ಕು ಸ್ಟಿಕ್ ಹಾಕಿದ್ರೆ ಸ್ಪೀಡ್ ಇಳ್ಸಬೇಕಾಗತ್ತೆ, ಅಲ್ಲಿ ಆ ಪ್ಲಾನ್ ಬೇಡ.

ಕೋಡ್‌ರಾತ್ರಿ:
ಸರಿ, ನಾಲ್ಕು ಸ್ಲಾಟ್ ಬೋರ್ಡ್ ಇದ್ರೆ ನಾನೂ ಒಪ್ಕೋತೀನಿ. ಎರಡೇ ಸ್ಲಾಟಿನ ಬೋರ್ಡ್ ತಗೊಂಡ್ರೆ ನನ್ ಮಾತೇ ಸರಿ.

ಎಸ್‌ಎಸ್‌ಡಿ ಬಗ್ಗೆ ಯಾರೂ ಹೇಳಿಲ್ಲ. 256 ಪ್ಲಸ್ ಹಾರ್ಡ್ ಡಿಸ್ಕ್ ಅನ್ನೋದು ಹಳೇ ಲೆಕ್ಕ. ವಿಂಡೋಸ್, ಟೂಲ್ಸ್, ಎರಡು ಗೇಮ್ ಹಾಕೋಷ್ಟರಲ್ಲಿ 256 ಮುಗ್ದೋಗತ್ತೆ, ಆಮೇಲೆ ಪ್ರಾಜೆಕ್ಟೆಲ್ಲಾ ಹಾರ್ಡ್ ಡಿಸ್ಕಿಗೆ ಹೋಗಿ ಕೂರತ್ತೆ, ಎಡಿಟಿಂಗ್ ಅಲ್ಲಿಂದ ಮಾಡೋದು ಶಿಕ್ಷೆ. ಹಾರ್ಡ್ ಡಿಸ್ಕ್ ಬಿಟ್ಟು ಆ ದುಡ್ಡನ್ನೂ ಸೇರಿಸಿ ಒಂದು ಎನ್‌ವಿಎಂಇ (ಪಿಸಿಐಇ ಮೇಲೆ ಓಡೋ ವೇಗದ) ಎಸ್‌ಎಸ್‌ಡಿ 1 ಟಿಬಿ, ಆಗಲ್ಲ ಅಂದ್ರೆ 500 ತಗೊಳಿ. ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ 550 ಎಂಬಿ ಹತ್ರ ನಿಲ್ಲತ್ತೆ, ಮೂರನೇ ಜೆನ್ (ಪೀಳಿಗೆ) ಎನ್‌ವಿಎಂಇ 3500 ತನಕ ಹೋಗತ್ತೆ, ನಾಲ್ಕನೇ ಜೆನ್ 7000 ಅಂತ ಬರ್ದಿರ್ತಾರೆ, ದಿನದ ಕೆಲಸದಲ್ಲಿ ಮೂರಕ್ಕೂ ನಾಲ್ಕಕ್ಕೂ ವ್ಯತ್ಯಾಸ ಕಣ್ಣಿಗೆ ಬೀಳಲ್ಲ, ಅದಕ್ಕೆ ಜಾಸ್ತಿ ಕೊಡ್ಬೇಡಿ. ಕೊಟ್ರೆ ಟಿಎಲ್‌ಸಿ (ಒಂದು ಸೆಲ್ಲಲ್ಲಿ 3 ಬಿಟ್ ಇಡೋದು) ಇರೋದಕ್ಕೆ ಕೊಡಿ, ಕ್ಯೂಎಲ್‌ಸಿ (4 ಬಿಟ್) ಡ್ರೈವ್ ದೊಡ್ಡ ಫೈಲ್ ಕಾಪಿ ಮಾಡುವಾಗ ಕ್ಯಾಶ್ ತುಂಬಿದ ಮೇಲೆ ತುಂಬಾ ನಿಧಾನ ಆಗತ್ತೆ. ಮತ್ತೆ ಎಂ.2 ಅಂದ ತಕ್ಷಣ ಎನ್‌ವಿಎಂಇ ಅಲ್ಲ, ಅದೇ ಆಕಾರದಲ್ಲಿ ಸಾಟಾದೂ ಬರತ್ತೆ, ಡಬ್ಬಿ ಓದಿ ತಗೊಳಿ.

ಮೊದಲಬಿಲ್ಡ್:
ಎಎಂ5 ಬಗ್ಗೆ ಯಾರೂ ಹೇಳ್ಲಿಲ್ಲ. ಎಎಂ4, ಇಂಟೆಲ್ 12ನೇ ಜೆನ್ ಎರಡೂ ಹಳೇದು, ಮುಂದೆ ಅಪ್‌ಗ್ರೇಡ್ ದಾರಿ ಇಲ್ಲ ಅಂತ ವೀಡಿಯೋಗಳಲ್ಲಿ ಹೇಳ್ತಿದಾರೆ. ಸೇರಿಸ್ಕೊಂಡು ಹೋಗ್ಬೇಕು ಅಂದ್ರೆ ಅದೇ ಸರಿ ಅಲ್ವಾ?

ಸರ್ವೀಸ್‌ಬೆಂಚ್:
ನ್ಯಾಯವಾದ ಪ್ರಶ್ನೆ. ಎಎಂ5 ಬಂದಿದ್ದು 2022ರಲ್ಲಿ, 2027ರ ತನಕ ಮತ್ತೆ ಅದ್ರಾಚೆಗೂ ಸಪೋರ್ಟ್ ಇದೆ ಅಂತ ಎಎಂಡಿಯೇ ಹೇಳಿದೆ. ಎಎಂ4 ಬಂದಿದ್ದು 2016ರಲ್ಲಿ, ಅದಕ್ಕೆ ಇನ್ನು ಹೊಸ ಪೀಳಿಗೆ ಬರಲ್ಲ. ಬಜೆಟ್ ಸಲೀಸಾಗಿ ಮುಟ್ಟಿದ್ರೆ 7600 ತಗೊಳಿ, ಅದಕ್ಕಿಂತ ಒಳ್ಳೆ ದಾರಿ ಇಲ್ಲ. ಆದ್ರೆ ಎಎಂ5ಗೆ ಡಿಡಿಆರ್5 ಬಿಟ್ಟು ಬೇರೆ ಆಗಲ್ಲ, ಎಐ ಡೇಟಾ ಸೆಂಟರುಗಳು ಮೆಮೊರಿ ಎಲ್ಲಾ ಬಾಚ್ಕೊಳ್ತಿರೋದ್ರಿಂದ 2025ರ ಕೊನೆಯಿಂದ ರ‍್ಯಾಮ್ ರೇಟ್ ವಿಪರೀತ ಏರಿದೆ. ಡಿಡಿಆರ್4ಗೂ ಏರಿದೆ, ಆದ್ರೆ ಡಿಡಿಆರ್4 ಸೆಕೆಂಡ್ ಹ್ಯಾಂಡಲ್ಲಿ ಸುಲಭವಾಗಿ ಸಿಗತ್ತೆ, ರ‍್ಯಾಮ್ ಮಟ್ಟಿಗೆ ಸೆಕೆಂಡ್ ಹ್ಯಾಂಡ್ ಭಯ ಬೇಡ, ತಿರುಗೋ ಸವೆಯೋ ಭಾಗ ಅದ್ರಲ್ಲಿ ಇಲ್ಲ, ಟೆಸ್ಟ್ ಮಾಡಿ ತಗೊಂಡ್ರೆ ಆಯ್ತು.

ಅಪ್‌ಗ್ರೇಡ್ ದಾರಿ ಪೂರ್ತಿ ಮುಚ್ಚಿದೆ ಅಂತಲೂ ಅಲ್ಲ. 12400 ಕೂರೋ ಎಲ್‌ಜಿಎ1700 ಸಾಕೆಟಿಗೆ 13, 14ನೇ ಜೆನ್ ಕೂಡ ಕೂರತ್ತೆ. ಒಂದೇ ಒಂದು ವಿಷ್ಯ, 13 ಮತ್ತೆ 14ರ ಜಾಸ್ತಿ ಪವರಿನ ಚಿಪ್‌ಗಳಲ್ಲಿ ವೋಲ್ಟೇಜ್ ಸಮಸ್ಯೆಯಿಂದ ಕ್ರ್ಯಾಶ್ ಆಗೋದು ಬಂತು, ಇಂಟೆಲ್ 2024ರಲ್ಲಿ ಮೈಕ್ರೋಕೋಡ್ (ಚಿಪ್ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಕೊಟ್ಟು ವಾರಂಟಿ 2 ವರ್ಷ ಜಾಸ್ತಿ ಮಾಡ್ತು. ಮುಂದೆ ಅಂಥದ್ದು ಹಾಕೋದಾದ್ರೆ ಮೊದ್ಲು ಬಯೋಸ್ (ಬೋರ್ಡಿನ ಸಾಫ್ಟ್‌ವೇರ್) ಅಪ್‌ಡೇಟ್, ಆಮೇಲೆ ಚಿಪ್. 12ನೇ ಜೆನ್‌ಗೆ ಈ ಕಾಟ ಇಲ್ಲ.

ಹಳೇಬೋರ್ಡ್:
ರೊಕ್ಕ ಇನ್ನೂ ಕಮ್ಮಿ ಇದ್ದವರು ಈ ಚರ್ಚೆ ಓದಾಕತ್ತಿದ್ರ ಒಂದು ಮಾತು. ಆಫೀಸಿನವರು ಮಾರೂ ಹಳೇ ಬ್ರ್ಯಾಂಡೆಡ್ ಡೆಸ್ಕ್‌ಟಾಪ್ ತಗೊಂಡು ಕಾರ್ಡ್ ಹಾಕೂದು ಕೆಟ್ಟ ಐಡಿಯಾ ಅಲ್ರಿ. ಆದ್ರ ಭಾಳಷ್ಟರಾಗ ಸಪ್ಲೈ, ಬೋರ್ಡ್ ಎರಡೂ ಅವರದ ಬ್ಯಾರೆ ಆಕಾರ, ಬ್ಯಾರೆ ಕನೆಕ್ಟರ್, ಹೊರಗಿಂದು ಹೊಂದಂಗಿಲ್ಲ. ಅದಕ್ಕ ಪ್ರತ್ಯೇಕ ಪವರ್ ಕೇಬಲ್ ಬೇಡದ ಕಾರ್ಡ್ ಹುಡುಕ್ರಿ, ಆರ್‌ಟಿಎಕ್ಸ್ 3050ರ 6 ಜಿಬಿ ಮಾಡೆಲ್ 70 ವ್ಯಾಟಿಂದು. ಪ್ರೊಸೆಸರ್ ಇಂಟೆಲ್ 8ನೇ ಜೆನ್ಕಿಂತ ಹಳೇದು ಬ್ಯಾಡ, ವಿಂಡೋಸ್ 11 ಅದಕ್ಕ ಅಧಿಕೃತವಾಗಿ ಆಗಂಗಿಲ್ಲ, ವಿಂಡೋಸ್ 10ರ ಸಾಮಾನ್ಯ ಸಪೋರ್ಟ್ 2025ರ ಅಕ್ಟೋಬರ್ 14ಕ್ಕ ಮುಗದದ. ಲಿನಕ್ಸ್ ಹಾಕವರಿಗೆ ಈ ಚಿಂತಿ ಇಲ್ಲ.

ಮೊದಲಬಿಲ್ಡ್:
ಸರಿ ಹಂಗಾದ್ರೆ ಹೊಸ ಲಿಸ್ಟ್. ಐ5 12400 ಬಾಕ್ಸ್, ಅದ್ರ ಜೊತೆ ಬರೋ ಕೂಲರ್. ಬಿ760 ಡಿಡಿಆರ್4 ಬೋರ್ಡ್, ನಾಲ್ಕು ಸ್ಲಾಟು, ಎರಡು ಎಂ.2. ಡಿಡಿಆರ್4 3200, 8 ಜಿಬಿ ಎರಡು, ಸೆಕೆಂಡ್ ಹ್ಯಾಂಡ್. 500 ಜಿಬಿ ಎನ್‌ವಿಎಂಇ ಟಿಎಲ್‌ಸಿ. 550 ವ್ಯಾಟ್ ಬ್ರಾಂಜ್, 5 ವರ್ಷ ವಾರಂಟಿ. ಮುಂದೆ ಜಾಲರಿ ಇರೋ ಸಾದಾ ಕೇಸು, ಮುಂದೊಂದು ಹಿಂದೊಂದು ಫ್ಯಾನ್. ಮೊದಲ್ನೇ ಲಿಸ್ಟಿಗಿಂತ ಸ್ವಲ್ಪ ಜಾಸ್ತಿ ಆಯ್ತು, ಆದ್ರೂ ಹೊಂದಿಸ್ತೀನಿ. ಜೋಡ್ಸೋವಾಗ ಏನು ನೋಡ್ಕೋಬೇಕು? ಕೂಲರ್ ಕೂರಿಸೋದು ನೆನೆಸ್ಕೊಂಡ್ರೇ ಕೈ ನಡುಗತ್ತೆ.

ಸರ್ವೀಸ್‌ಬೆಂಚ್:
ಲಿಸ್ಟ್ ಚೆನ್ನಾಗಿದೆ, ಇನ್ನು ಮುಟ್ಬೇಡಿ. ಕೇಸಿಗೆ ಹಾಕೋ ಮುಂಚೆ ಬೋರ್ಡನ್ನ ಅದ್ರ ರಟ್ಟಿನ ಡಬ್ಬಿ ಮೇಲೇ ಇಟ್ಟು ಪ್ರೊಸೆಸರ್, ರ‍್ಯಾಮ್, ಎಸ್‌ಎಸ್‌ಡಿ, ಕೂಲರ್ ಕೂರಿಸಿ. ಸಾಕೆಟ್ ಒಳಗೆ ಕೂದಲೆಳೆಯಂಥ ಪಿನ್ ಇರ್ತವೆ, ಬೆರಳಾಗ್ಲಿ ಬಟ್ಟೆ ತುದಿಯಾಗ್ಲಿ ತಾಗಿಸ್ಬೇಡಿ. ಪ್ರೊಸೆಸರ್ ಅಂಚಲ್ಲಿ ಕಚ್ಚು, ಮೂಲೇಲಿ ತ್ರಿಕೋನ ಇದೆ, ಹೊಂದಿಸಿ ಇಟ್ರೆ ತಾನೇ ಕೂರತ್ತೆ, ಒತ್ತೋದು ಬೇಕಿಲ್ಲ. ಆಮೇಲೆ ಲಿವರ್ ಕೆಳಗೆ ಒತ್ತುವಾಗ ಗಟ್ಟಿ ಅನ್ಸತ್ತೆ, ಕರಕರ ಅನ್ನತ್ತೆ, ಅದು ಹಂಗೇ. ಮೇಲಿನ ಕಪ್ಪು ಪ್ಲಾಸ್ಟಿಕ್ ಮುಚ್ಚಳ ತಾನೇ ಹಾರಿ ಬರತ್ತೆ, ಬಿಸಾಕ್ಬೇಡಿ, ವಾರಂಟಿಗೆ ಬೋರ್ಡ್ ಕಳ್ಸುವಾಗ ಅದು ಬೇಕು.

ಇಂಟೆಲ್ ಬಾಕ್ಸ್ ಕೂಲರಿಗೆ ನಾಲ್ಕು ಪುಶ್ ಪಿನ್. ಎದುರು ಬದುರು ಮೂಲೆ ಒಟ್ಟಿಗೆ ಒತ್ತಿ, ಟಕ್ ಅನ್ಬೇಕು. ನಾಲ್ಕೂ ಆದ್ಮೇಲೆ ಬೋರ್ಡ್ ಎತ್ತಿ ಹಿಂದೆ ನೋಡಿ, ಬಿಳೀ ಕಾಲುಗಳು ತೂತಿಂದ ಹೊರಗೆ ಬಂದು ಅಗಲವಾಗಿರ್ಬೇಕು, ಅದ್ರ ಮಧ್ಯೆ ಕಪ್ಪು ಕಡ್ಡಿ ಕಾಣ್ಬೇಕು. ಮೂರು ಕೂತು ಒಂದು ಕೂರದಿದ್ರೆ ಮೆಷಿನ್ ಆನ್ ಆಗತ್ತೆ, ಆದ್ರೆ ಸ್ವಲ್ಪ ಹೊತ್ತಲ್ಲೇ 100 ಡಿಗ್ರಿ ಹತ್ರ ಹೋಗಿ ನಿಧಾನ ಆಗತ್ತೆ. ಶಾಖ ದಾಟಿಸೋ ಪೇಸ್ಟ್ ಕೂಲರ್ ಕೆಳಗೇ ಹಚ್ಚಿರ್ತಾರೆ, ಮೇಲೆ ಬೇರೆ ಹಾಕೋದು ಬೇಡ.

ರ‍್ಯಾಮ್ ಪ್ರೊಸೆಸರ್ ಕಡೆಯಿಂದ ಎರಡನೇದು, ನಾಲ್ಕನೇದು ಸ್ಲಾಟಿಗೆ, ಬೋರ್ಡ್ ಮ್ಯಾನ್ಯುಯಲಲ್ಲೂ ಇದೇ ಇರತ್ತೆ ನೋಡ್ಕೊಳಿ. ಕೇಸಲ್ಲಿ ಬೋರ್ಡ್ ಕೆಳಗಿರೋ ಹಿತ್ತಾಳೆ ಸ್ಟ್ಯಾಂಡಾಫ್‌ಗಳು ತೂತಿರೋ ಕಡೆ ಮಾತ್ರ ಇರ್ಬೇಕು, ಒಂದು ಜಾಸ್ತಿ ಇದ್ರೆ ಬೋರ್ಡ್ ಹಿಂಭಾಗಕ್ಕೆ ತಾಗಿ ಶಾರ್ಟ್ ಆಗತ್ತೆ.

ಎಡಿಟಿಂಗ್‌ಮೇಜು:
ಕೇಬಲ್ ಬಗ್ಗೆ ಸೇರಿಸ್ತೀನಿ. 8 ಪಿನ್ ಕೇಬಲ್ ಎರಡು ಥರ ಇದೆ, ನಾಲ್ಕು ನಾಲ್ಕು ಆಗಿ ಬಿಡೋದು ಪ್ರೊಸೆಸರಿಗೆ, ಬೋರ್ಡಿನ ಮೇಲಿನ ಎಡಮೂಲೆಗೆ ಹೋಗತ್ತೆ. ಆರು ಎರಡು ಆಗಿ ಬಿಡೋದು ಗ್ರಾಫಿಕ್ಸ್ ಕಾರ್ಡಿಗೆ. ನೋಡೋಕೆ ಒಂದೇ ಥರ, ಒಳಗೆ ವೈರಿಂಗ್ ಉಲ್ಟಾ, ಕೂರ್ತಿಲ್ಲ ಅಂತ ತುರುಕ್ಬೇಡಿ. ಮಾಡ್ಯುಲರ್ ಸಪ್ಲೈ (ಕೇಬಲ್ ಬಿಚ್ಚಿ ತೆಗೆಯಬಹುದಾದ್ದು) ಆದ್ರೆ ಬೇರೆ ಸಪ್ಲೈಯ ಕೇಬಲ್ ಯಾವತ್ತೂ ಬಳಸ್ಬೇಡಿ, ಸಪ್ಲೈ ಕಡೆ ತುದಿಗೆ ಯಾವ ಸ್ಟ್ಯಾಂಡರ್ಡೂ ಇಲ್ಲ, ಕನೆಕ್ಟರ್ ಸರಿಯಾಗಿ ಕೂತು ಡಿಸ್ಕ್ ಸುಟ್ಟೋಗಿರೋದು ಎಷ್ಟೋ ಇದೆ.

ಆನ್ ಆಗ್ಲಿಲ್ಲ ಅಂದ್ರೆ ಗಾಬರಿ ಬೇಡ. ತುಂಬಾ ಬೋರ್ಡಲ್ಲಿ ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಅಂತ ನಾಲ್ಕು ಚಿಕ್ಕ ಲೈಟ್ ಇರ್ತವೆ, ಯಾವುದ್ರಲ್ಲಿ ನಿಂತಿದೆ ನೋಡಿ. ಡಿರ‍್ಯಾಮ್ ಅಂದ್ರೆ ರ‍್ಯಾಮ್ ತೆಗ್ದು ಮತ್ತೆ ಗಟ್ಟಿಯಾಗಿ ಕೂರಿಸಿ, ಹೊಸ ಬಿಲ್ಡಲ್ಲಿ ಅರ್ಧ ಸಮಸ್ಯೆ ಅಲ್ಲೇ ಮುಗ್ಯತ್ತೆ.

ಕೋಡ್‌ರಾತ್ರಿ:
ಸೆಕೆಂಡ್ ಹ್ಯಾಂಡ್ ರ‍್ಯಾಮ್ ತಗೋತಿರೋದ್ರಿಂದ ಒಂದು ಕೆಲಸ ಬಿಡ್ಬೇಡಿ. ಬಯೋಸಲ್ಲಿ ಮೊದ್ಲು ಎಕ್ಸ್‌ಎಂಪಿ (ರ‍್ಯಾಮನ್ನ ಬರ್ದಿರೋ ಸ್ಪೀಡಲ್ಲಿ ಓಡಿಸೋ ಸೆಟ್ಟಿಂಗ್) ಆನ್ ಮಾಡಿ, ಇಲ್ಲಾಂದ್ರೆ ಎಷ್ಟೋ 3200 ಸ್ಟಿಕ್ 2133 ಅಥವಾ 2666ರಲ್ಲೇ ಓಡ್ತಿರತ್ತೆ, ಯಾರಿಗೂ ಗೊತ್ತೂ ಆಗಲ್ಲ. ಆಮೇಲೆ ವಿಂಡೋಸ್ ಹಾಕೋದಕ್ಕೆ ಮುಂಚೆ ಪೆನ್ ಡ್ರೈವಲ್ಲಿ ರ‍್ಯಾಮ್ ಟೆಸ್ಟ್ ಮಾಡೋ ಮೆಮ್‌ಟೆಸ್ಟ್86 ಹಾಕಿ ರಾತ್ರಿ ಪೂರ್ತಿ ಓಡೋಕೆ ಬಿಡಿ. ಎರರ್ ಸೊನ್ನೆ ಇರ್ಬೇಕು, ಒಂದೇ ಒಂದು ಬಂದ್ರೂ ಸರಿ ಇಲ್ಲ ಅಂತಲೇ ಅರ್ಥ. ಎಕ್ಸ್‌ಎಂಪಿ ಆಫ್ ಮಾಡಿ ಮತ್ತೆ ಓಡಿಸಿ, ಆಗ್ಲೂ ಬಂದ್ರೆ ಒಂದೊಂದೇ ಸ್ಟಿಕ್ ಹಾಕಿ ಯಾವುದು ಅಂತ ಹಿಡೀರಿ, ಮಾರಿದವ್ರ ಹತ್ರ ವಾಪಸ್ ಕೊಡೋಕೆ ಎಷ್ಟು ದಿನ ಅಂತ ತಗೋಳ್ವಾಗ್ಲೇ ಕೇಳಿಟ್ಕೊಂಡಿರಿ.